ಎರಡು ‘ಲೈಟ್ ಕಲರ್’ ಒಂದೇನಾ? ಕಾರ್ಡಿನಲ್ಲಿ ಕಂಡ ಬಣ್ಣ ಗೋಡೆಯ ಮೇಲೆ ಬದಲಾಗುವುದೇಕೆ?

ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಎರಡು ಬಣ್ಣ ಇವೆ. ಒಂದು ಐವರಿ, ಇನ್ನೊಂದು ಆಫ್‌ವೈಟ್. ಎಷ್ಟು ಹೊತ್ತು ನೋಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ‘ಎರಡೂ ಒಂದೇ ಬಿಡಿ’ ಎಂದು ಒಂದನ್ನು ಆರಿಸುತ್ತೇವೆ. ಕೆಲಸ ಮುಗಿದ ಮೇಲೆ ನೋಡಿದರೆ ಹಾಲ್ ಪೂರ್ತಿ ಹಳದಿ ಹಳದಿ, ಇಲ್ಲವೇ ಆಸ್ಪತ್ರೆಯ ಹಾಗೆ ಮಂಕು. ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ: ‘ಅಂಗಡಿಯವರು ಬೇರೆ ಡಬ್ಬಿ ಕೊಟ್ಟಿದ್ದಾರೆ’, ‘ಪೇಂಟರ್ ನೀರು ಜಾಸ್ತಿ ಬೆರೆಸಿದ್ದಾನೆ’.

ಹೊಸದುರ್ಗದಂಥ ಊರಿನಲ್ಲಿ ಹೆಚ್ಚಿನ ಮನೆಗಳಿಗೆ ಬಣ್ಣ ಆಗುವುದು ಗೃಹಪ್ರವೇಶಕ್ಕೋ, ಮದುವೆಗೋ, ದೊಡ್ಡ ಹಬ್ಬಕ್ಕೋ. ಮತ್ತೆ ಬಣ್ಣ ಮುಟ್ಟುವುದು ಐದಾರು ವರ್ಷದ ಮೇಲೆ. ಮೆಷಿನ್‌ನಲ್ಲಿ ಒಮ್ಮೆ ಬಣ್ಣ ಕಲಸಿದ ಡಬ್ಬಿಯನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ತಪ್ಪಿದರೆ ನಷ್ಟ ಮನೆಯವರಿಗೆ. ಬೈಗುಳ ಮತ್ತು ಕೆಲವೊಮ್ಮೆ ಕೂಲಿಯ ಕಡಿತ ದಿನಗೂಲಿಯ ಪೇಂಟರ್‌ಗೆ.

ಇದರ ಜೊತೆಗೆ ವಾಟ್ಸಾಪ್‌ನಲ್ಲಿ, ರೀಲ್ಸ್‌ನಲ್ಲಿ ‘ಯಾವ ಕೋಣೆಗೆ ಯಾವ ಬಣ್ಣ’ ಎಂಬ ಸಲಹೆಗಳು ಓಡಾಡುತ್ತಲೇ ಇರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ನಾಲ್ಕು:

1. ಉತ್ತರದ ಕೋಣೆಗೆ ಹಳದಿ ಛಾಯೆಯ ಬಣ್ಣ ಹೊಡೆಸಿ, ದಕ್ಷಿಣದ ಕೋಣೆಗೆ ಬೂದು ಛಾಯೆಯ ಬಣ್ಣ ಹೊಡೆಸಿ.
2. ಫೋಟೊ ನೋಡಿ ಬಣ್ಣ ಆರಿಸಿದರೆ ಸಾಕು.
3. ಒಣಗಿದ ಮೇಲೆ ಬಣ್ಣ ಬೇರೆಯಾದರೆ ಪೇಂಟರ್ ಮೋಸ ಮಾಡಿದ್ದಾನೆ ಎಂದರ್ಥ.
4. ಒಳಗೋಡೆಗೆ ತಿಳಿಬಣ್ಣ ಹೊಡೆಸಿದರೆ ಮನೆ ತಂಪಾಗುತ್ತದೆ.

ಚಿಕ್ಕದಾಗಿ ಹೇಳುವುದಾದರೆ, ಮೊದಲನೆಯದು ನಮ್ಮ ಊರಿಗೆ ಹೊಂದುವುದಿಲ್ಲ. ಎರಡನೆಯದು ಮತ್ತು ಮೂರನೆಯದು ತಪ್ಪು. ನಾಲ್ಕನೆಯದರಲ್ಲಿ ಇರುವ ನಿಜ ಬಹಳ ಕಡಿಮೆ. ಯಾಕೆ ಎಂದು ಒಂದೊಂದಾಗಿ ನೋಡೋಣ.

ಬಿಳಿ ಅಂದರೆ ಎಷ್ಟು ಬಿಳಿ?

ಇದಕ್ಕೆ ಉತ್ತರ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಯುವಾಗ ಬಕೆಟ್ಟಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಚೂರು ಬೆರೆಸುತ್ತಿದ್ದರು. ನೀಲಿ ಹಾಕದ ಸುಣ್ಣ ಒಂದು ಬಿಳಿ, ನೀಲಿ ಹಾಕಿದ್ದು ಇನ್ನೊಂದು ಬಿಳಿ. ನೋಡಿದವರೆಲ್ಲ ನೀಲಿ ಹಾಕಿದ ಗೋಡೆಯೇ ‘ಬೆಳ್ಳಗೆ’ ಎನ್ನುತ್ತಿದ್ದರು.

ವಿಚಿತ್ರವೆಂದರೆ, ಬೆಳಕಿನ ಲೆಕ್ಕದಲ್ಲಿ ನೀಲಿ ಹಾಕಿದ ಗೋಡೆ ತುಸು ಕಪ್ಪು. ನೀಲಿಯ ಕಣಗಳು ಹಳದಿ ಮತ್ತು ಕೆಂಪು ಬೆಳಕನ್ನು ಸ್ವಲ್ಪ ಹೀರಿಕೊಳ್ಳುತ್ತವೆ, ಅಂದರೆ ಗೋಡೆಯಿಂದ ವಾಪಸ್ ಬರುವ ಒಟ್ಟು ಬೆಳಕು ಕಡಿಮೆಯಾಗುತ್ತದೆ. ಆದರೆ ಸುಣ್ಣದಲ್ಲಿದ್ದ ಹಳದಿ ಛಾಯೆ ಹೋಗುವುದರಿಂದ ನಮ್ಮ ಕಣ್ಣು ಅದನ್ನು ‘ಹೆಚ್ಚು ಬಿಳಿ’ ಎಂದು ಓದುತ್ತದೆ.

ಇವತ್ತಿನ ಐವರಿ, ಕ್ರೀಮ್, ಆಫ್‌ವೈಟ್‌ಗಳ ಕಥೆಯೂ ಇದೇ. ಇವೆಲ್ಲ ಹೆಚ್ಚುಕಡಿಮೆ ಬಿಳಿಯೇ. ಬಿಳಿ ಬೇಸ್‌ಗೆ ಮೆಷಿನ್ ಹಳದಿ, ಕೆಂಪು, ಕಪ್ಪು ಅಥವಾ ಹಸಿರು ಬಣ್ಣದ ಕೆಲವೇ ಹನಿ ಸೇರಿಸುತ್ತದೆ. ಆ ಹನಿಗಳಿಂದ ಬರುವ ಮೆಲ್ಲನೆಯ ಛಾಯೆಯನ್ನು ನಾವಿಲ್ಲಿ ‘ಒಳಛಾಯೆ’ ಎನ್ನೋಣ. ಐವರಿಯ ಒಳಛಾಯೆ ಸಾಮಾನ್ಯವಾಗಿ ಹಳದಿ. ಆಫ್‌ವೈಟ್ ಹೆಸರಿನ ಶೇಡ್‌ಗಳಲ್ಲಿ ಕೆಲವಕ್ಕೆ ಬೂದು, ಕೆಲವಕ್ಕೆ ಹಸಿರು, ಕೆಲವಕ್ಕೆ ತಿಳಿಗುಲಾಬಿ ಒಳಛಾಯೆ ಇರುತ್ತದೆ. ಒಂದು ಕಂಪನಿಯ ‘ಐವರಿ’ ಇನ್ನೊಂದು ಕಂಪನಿಯ ‘ಐವರಿ’ ಆಗಿರಬೇಕೆಂದಿಲ್ಲ. ಹಾಗಾಗಿ ಹೆಸರನ್ನಲ್ಲ, ಶೇಡ್‌ನ ಕೋಡ್ ನಂಬರನ್ನು ಬರೆದಿಟ್ಟುಕೊಳ್ಳಿ.

ಕಾರ್ಡಿನಲ್ಲಿ ತಿಳಿ, ಕೋಣೆಯಲ್ಲಿ ಗಾಢ. ಏಕೆ?

ಕಾರ್ಡಿನ ಬಣ್ಣದ ಚೂರು ಎರಡು ಇಂಚು ಉದ್ದ, ಒಂದು ಇಂಚು ಅಗಲ ಇದೆ ಎಂದಿಟ್ಟುಕೊಳ್ಳಿ. 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆ ಸೇರಿದರೆ 440 ಚದರ ಅಡಿ. ಅಂದರೆ ಆ ಚೂರಿನ 30 ಸಾವಿರ ಪಟ್ಟಿಗಿಂತ ಹೆಚ್ಚು. ಆದರೆ ದೊಡ್ಡದಾಗಿದೆ ಎನ್ನುವುದೊಂದೇ ಕಾರಣವಲ್ಲ.

ಕೋಣೆಯೊಳಗೆ ಬಂದ ಬೆಳಕು ಒಂದೇ ಸಲ ಗೋಡೆಗೆ ತಾಕಿ ನಮ್ಮ ಕಣ್ಣಿಗೆ ಬರುವುದಿಲ್ಲ. ಈ ಗೋಡೆಯಿಂದ ಆ ಗೋಡೆಗೆ, ಅಲ್ಲಿಂದ ಸೀಲಿಂಗ್‌ಗೆ, ಮತ್ತೆ ಇನ್ನೊಂದು ಗೋಡೆಗೆ ಪುಟಿಯುತ್ತ ಹೋಗುತ್ತದೆ. ಪ್ರತಿ ಸಲ ಪುಟಿದಾಗಲೂ ಗೋಡೆಯ ಒಳಛಾಯೆ ಇನ್ನಷ್ಟು ಅಂಟಿಕೊಳ್ಳುತ್ತದೆ.

ಒಂದು ಸುಲಭ ಲೆಕ್ಕ ಮಾಡೋಣ. ಇವು ಯಾವುದೇ ಕಂಪನಿಯ ಅಂಕಿಗಳಲ್ಲ, ವಿಷಯ ತಿಳಿಯಲು ನಾವು ಇಟ್ಟುಕೊಂಡ ಉದಾಹರಣೆ.

ಹಳದಿ ಒಳಛಾಯೆಯ ಬಣ್ಣ: ಬಿದ್ದ 100 ಭಾಗ ಕೆಂಪು ಬೆಳಕಿನಲ್ಲಿ 80 ವಾಪಸ್, ನೀಲಿ ಬೆಳಕಿನಲ್ಲಿ 70 ವಾಪಸ್.
- ಒಂದು ಸಲ ಪುಟಿದಾಗ: ಕೆಂಪು 80, ನೀಲಿ 70
- ಎರಡು ಸಲ: ಕೆಂಪು 64, ನೀಲಿ 49
- ಮೂರು ಸಲ: ಕೆಂಪು 51, ನೀಲಿ 34

ಬೂದು ಒಳಛಾಯೆಯ ಬಣ್ಣ: ಕೆಂಪಿನಲ್ಲಿ 76, ನೀಲಿಯಲ್ಲಿ 75 ವಾಪಸ್.
- ಮೂರು ಸಲ ಪುಟಿದಾಗ: ಕೆಂಪು 44, ನೀಲಿ 42

ಕಾರ್ಡಿನಲ್ಲಿ ಇವೆರಡೂ ಅಕ್ಕತಂಗಿಯರ ಹಾಗಿದ್ದವು. ಕೋಣೆಯಲ್ಲಿ ಮೊದಲನೆಯದರ ನೀಲಿ ಬೆಳಕು ಬೇಗ ಸವೆದು ಹಳದಿ ಎದ್ದು ಕಾಣುತ್ತದೆ. ಎರಡನೆಯದು ಬಣ್ಣ ಕಳೆದುಕೊಳ್ಳುವುದಿಲ್ಲ, ಆದರೆ ಒಟ್ಟಾರೆ ಸ್ವಲ್ಪ ಮಬ್ಬಾಗುತ್ತದೆ. ‘ಹಳದಿ ಹಳದಿ’ ಮತ್ತು ‘ಮಂಕು’ ಎಂಬ ಎರಡು ದೂರುಗಳು ಹುಟ್ಟುವುದು ಇಲ್ಲೇ. ನಾಲ್ಕೂ ಗೋಡೆಗೆ ಒಂದೇ ಬಣ್ಣ ಹೊಡೆದಾಗ, ಅದರಲ್ಲೂ ಮೂಲೆಗಳಲ್ಲಿ, ಇದು ಹೆಚ್ಚು ಗೊತ್ತಾಗುತ್ತದೆ.

ಆದ್ದರಿಂದ ಕಾರ್ಡಿನಲ್ಲಿ ‘ಇದೇ ಸರಿ’ ಅನ್ನಿಸಿದ ಶೇಡ್‌ಗಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೂ ಪಟ್ಟಿಗೆ ಸೇರಿಸಿಕೊಂಡು ನೋಡುವುದು ಒಳ್ಳೆಯದು.

ಬಲ್ಬ್ ಬದಲಾದರೆ ಬಣ್ಣವೂ ಬದಲು

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವೇದಿಕೆಯಲ್ಲಿ ನಟ ಉಟ್ಟಿರುವುದು ಒಂದೇ ಬಿಳಿ ಪಂಚೆ. ಹಳದಿ ದೀಪ ಬಿದ್ದಾಗ ಅದು ಹಗಲಿನ ಬಿಸಿಲು, ನೀಲಿ ದೀಪ ಬಿದ್ದಾಗ ಬೆಳದಿಂಗಳು. ಪಂಚೆ ಬದಲಾಗಲಿಲ್ಲ, ಅದರ ಮೇಲೆ ಬಿದ್ದ ಬೆಳಕು ಬದಲಾಯಿತು. ಮನೆಯ ಗೋಡೆಯ ಮೇಲೆ ಆಗುವುದೂ ಇದೇ, ಅಷ್ಟು ಜೋರಾಗಿ ಅಲ್ಲ ಅಷ್ಟೇ.

ಹಿಂದೆ ಮನೆಯಲ್ಲಿ ಇದ್ದದ್ದು ತಂತಿ ಉರಿಯುವ ಹಳದಿ ಬಲ್ಬ್. ಅದರ ಬೆಳಕಿನ ಬಣ್ಣವನ್ನು ಅಳೆದರೆ ಸುಮಾರು 2700 ಕೆಲ್ವಿನ್. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಹೆಸರಿನಲ್ಲಿ ಜಾರಿಯಾಯಿತು. ಅಲ್ಲಿಂದೀಚೆಗೆ ಎಲ್‌ಇಡಿ ಬಲ್ಬ್ ಹಳ್ಳಿ ಹಳ್ಳಿಯ ಮನೆಗೂ ತಲುಪಿದೆ. ಎಲ್‌ಇಡಿ ಬಾಕ್ಸಿನ ಮೇಲೆ ಒಂದು ಸಂಖ್ಯೆ ಬರೆದಿರುತ್ತದೆ, ಅದನ್ನು ನೋಡಿ:

- 2700 ರಿಂದ 3000 ಕೆಲ್ವಿನ್: ಹಳದಿ ಬೆಳಕು
- 4000 ಕೆಲ್ವಿನ್ ಆಸುಪಾಸು: ನಡುವಿನದು
- 6500 ಕೆಲ್ವಿನ್: ಬೆಳ್ಳನೆಯ, ನೀಲಿ ಛಾಯೆಯ ಬೆಳಕು

ಸಂಖ್ಯೆ ಹೆಚ್ಚಾದಷ್ಟೂ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. 3000 ಕೆಲ್ವಿನ್ ಬಲ್ಬಿನ ಕೆಳಗೆ ಐವರಿ ಇನ್ನಷ್ಟು ಹಳದಿಯಾಗುತ್ತದೆ. 6500ರ ಕೆಳಗೆ ಬೂದು ಒಳಛಾಯೆಯ ಬಿಳಿ ಇನ್ನಷ್ಟು ತಣ್ಣಗೆ, ನೀಲಿಯಾಗಿ ಕಾಣುತ್ತದೆ. ‘ನಮ್ಮ ಹಳೇ ಮನೆಯಲ್ಲಿ ಇದೇ ಕ್ರೀಮ್ ಎಷ್ಟು ಚೆನ್ನಾಗಿತ್ತು, ಈಗೇಕೆ ಹೀಗೆ?’ ಎಂದು ಹಿರಿಯರು ಕೇಳಿದರೆ, ಉತ್ತರ ಡಬ್ಬಿಯಲ್ಲಿ ಅಲ್ಲ, ಬಲ್ಬಿನ ಹೋಲ್ಡರಿನಲ್ಲಿ ಇರಬಹುದು. ಹಾಗಿದ್ದರೆ ಗೋಡೆಗೆ ಮತ್ತೆ ಬಣ್ಣ ಹೊಡೆಸುವ ಮುಂಚೆ ಬಲ್ಬ್ ಬದಲಿಸಿ ನೋಡಿ. ಸಾವಿರಾರು ರೂಪಾಯಿಯ ಕೆಲಸ ನೂರಿನ್ನೂರರಲ್ಲಿ ಮುಗಿಯಬಹುದು.

ಉತ್ತರದ ಕೋಣೆ, ದಕ್ಷಿಣದ ಕೋಣೆ: ಈ ಸಲಹೆ ಯಾವ ಊರಿನದು?

‘ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ, ಅಲ್ಲಿನ ಬೆಳಕು ತಣ್ಣಗೆ ನೀಲಿಯಾಗಿರುತ್ತದೆ, ಆದ್ದರಿಂದ ಹಳದಿ ಛಾಯೆ ಆರಿಸಿ’. ಇಂಟರ್‌ನೆಟ್‌ನಲ್ಲಿ ಅತಿ ಹೆಚ್ಚು ಸಿಗುವ ಸಲಹೆ ಇದು. ಲಂಡನ್‌ನಲ್ಲಿ ಇರುವವರಿಗೆ ಇದು ಸರಿಯಾದ ಮಾತು. ಲಂಡನ್ ಇರುವುದು ಸುಮಾರು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ವರ್ಷದ ಯಾವ ದಿನವೂ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಬರುವುದಿಲ್ಲ. ಡಿಸೆಂಬರ್‌ನಲ್ಲಂತೂ ದಕ್ಷಿಣದ ಅಂಚಿನಿಂದ ಕೇವಲ 15 ಡಿಗ್ರಿ ಮೇಲೆ ಇಣುಕಿ ಹೋಗುತ್ತಾನೆ.

ಹೊಸದುರ್ಗ ಇರುವುದು ಸುಮಾರು 13.8 ಡಿಗ್ರಿಯಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕಾಲಡಿ ಸೇರುತ್ತದೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರದಲ್ಲೇ ಇರುತ್ತಾನೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹುಟ್ಟುವುದೂ ಮುಳುಗುವುದೂ ಪೂರ್ವ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕೆ. ಅಂದರೆ ಸುಮಾರು ಅರ್ಧ ವರ್ಷ ಬೆಳಿಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಗೂ ಓರೆಯಾಗಿ ಬಿಸಿಲು ತಾಕುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಹೋದರೂ ಮಧ್ಯಾಹ್ನ 53 ಡಿಗ್ರಿಯಷ್ಟು ಎತ್ತರದಲ್ಲೇ ಇರುತ್ತಾನೆ. ಕಿಟಕಿಯ ಮೇಲೆ ಅಗಲವಾದ ಸಜ್ಜೆ ಇದ್ದರೆ ಆ ಬಿಸಿಲಿನ ಬಹುಪಾಲು ಹೊರಗೇ ನಿಲ್ಲುತ್ತದೆ.

ಹಾಗಾಗಿ ನಮ್ಮಲ್ಲಿ ಉತ್ತರ ದಕ್ಷಿಣಕ್ಕಿಂತ ಪೂರ್ವ ಪಶ್ಚಿಮ ಹೆಚ್ಚು ಮುಖ್ಯ. ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಗೆ ಸಂಜೆ ನಾಲ್ಕರ ಮೇಲೆ ಕೆಂಪು ಹಳದಿ ಬಿಸಿಲು ನೇರ ಒಳಗೆ ಬರುತ್ತದೆ. ಅಲ್ಲಿ ಐವರಿ ಹೊಡೆದರೆ ಸಂಜೆ ಹೊತ್ತು ಕೋಣೆ ಅರಿಸಿನ ಬಳಿದ ಹಾಗೆ ಕಾಣಬಹುದು. ಅದೇ ಶೇಡ್ ಪೂರ್ವದ ಕೋಣೆಯಲ್ಲಿ ಬೆಳಿಗ್ಗೆ ಹಳದಿ, ಮಧ್ಯಾಹ್ನದ ಮೇಲೆ ಸಾದಾ. ನೇರ ಬಿಸಿಲು ಬೀಳದ ಹೊತ್ತಿನಲ್ಲಿ ಕೋಣೆಗೆ ಬರುವುದು ಆಕಾಶದ ನೀಲಿ ಬೆಳಕು. ಆಗ ಬೂದು ಒಳಛಾಯೆಯ ಬಿಳಿ ನೀಲಿಗೆ ತಿರುಗುತ್ತದೆ.

ಕೆಂಪು ಅಂಗಳ, ಹಸಿರು ತೋಟ

ಕಿಟಕಿಯಿಂದ ಒಳಗೆ ಬರುವುದು ಆಕಾಶದ ಬೆಳಕು ಮಾತ್ರವಲ್ಲ, ನೆಲದಿಂದ ಪುಟಿದ ಬೆಳಕೂ ಹೌದು. ಮನೆಯ ಮುಂದೆ ಕೆಂಪು ಮಣ್ಣಿನ ಅಂಗಳವಿದ್ದರೆ ಬಿಸಿಲು ಅದರಿಂದ ಪುಟಿದು ಒಳಗೋಡೆಗೆ ಕೆಂಪು ಛಾಯೆ ತರುತ್ತದೆ. ಕಿಟಕಿಯ ಪಕ್ಕದಲ್ಲೇ ಅಡಿಕೆ, ತೆಂಗಿನ ತೋಟವಿದ್ದರೆ ಹಸಿರು ಛಾಯೆ ಬರುತ್ತದೆ. ಎದುರು ಮನೆಯವರು ಗೋಡೆಗೆ ಕಿತ್ತಳೆ ಬಣ್ಣ ಹೊಡೆಸಿದ್ದರೆ ಅದರ ಪಾಲೂ ನಿಮಗೆ ಬರುತ್ತದೆ. ಒಳಗಿನ ನೆಲವೂ ಹಾಗೆಯೇ. ರೆಡ್‌ಆಕ್ಸೈಡ್ ನೆಲವಿರುವ ಹಳೇ ಮನೆಯ ಗೋಡೆಯ ಕೆಳಭಾಗ ನೋಡಿ, ತಿಳಿಗುಲಾಬಿ ಕಾಣುತ್ತದೆ. ಬಿಳಿ ಟೈಲ್ಸ್ ಇರುವ ಮನೆಯಲ್ಲಿ ಅದೇ ಬಣ್ಣ ಬೇರೆಯೇ.

ಇನ್ನೊಂದು ಆಟ ನಮ್ಮ ಕಣ್ಣಿನದು. 1820ರ ದಶಕದಲ್ಲಿ ಪ್ಯಾರಿಸ್‌ನ ಗೋಬೆಲಾಂ ನೇಯ್ಗೆ ಕಾರ್ಖಾನೆಗೆ ಒಂದು ದೂರು ಬಂದಿತ್ತು. ಅಲ್ಲಿ ಬಣ್ಣ ಹಾಕಿದ ಕಪ್ಪು ನೂಲು ನೇಯ್ಗೆಯಲ್ಲಿ ಮಾಸಿದಂತೆ ಕಾಣುತ್ತದೆ ಎಂಬುದು ಆ ದೂರು. ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಮಿಷೆಲ್ ಯೂಜೀನ್ ಶೆವ್ರೆಲ್ ಪರೀಕ್ಷೆ ಮಾಡಿದ. ನೂಲಿನ ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬೇರೆ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. ಇದನ್ನೇ ಅವನು 1839ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಅಚ್ಚ ಬಿಳಿ ಸೀಲಿಂಗ್‌ನ ಪಕ್ಕದಲ್ಲಿ ಐವರಿ ಗೋಡೆ ಹೆಚ್ಚು ಹಳದಿಯಾಗಿ ಕಾಣುವುದೂ, ಕಡುಕಂದು ತೇಗದ ಬಾಗಿಲಿನ ಪಕ್ಕದಲ್ಲಿ ಅದೇ ಗೋಡೆ ಬೆಳ್ಳಗೆ ಕಾಣುವುದೂ ಇದೇ ಕಾರಣಕ್ಕೆ.

ಫೋಟೊ ನೋಡಿ ಬಣ್ಣ ಆರಿಸಬಹುದೇ?

ಬೇಡ. ಫೋನಿನ ಕ್ಯಾಮೆರಾ ನಿಮಗೆ ಹೇಳದೆಯೇ ಬಣ್ಣ ತಿದ್ದುತ್ತದೆ. ಕೋಣೆಯ ಬೆಳಕು ಹಳದಿಯಾಗಿದ್ದರೆ ಫೋಟೊಗೆ ನೀಲಿ ಸೇರಿಸಿ ‘ಸರಿ’ ಮಾಡುತ್ತದೆ. ಬೆಳಕು ನೀಲಿಯಾಗಿದ್ದರೆ ಹಳದಿ ಸೇರಿಸುತ್ತದೆ. ಐವರಿ ಮತ್ತು ಆಫ್‌ವೈಟ್ ನಡುವಿನ ವ್ಯತ್ಯಾಸಕ್ಕಿಂತ ಕ್ಯಾಮೆರಾ ಮಾಡುವ ಈ ತಿದ್ದುಪಡಿಯೇ ದೊಡ್ಡದಿರುತ್ತದೆ. ಅದರ ಮೇಲೆ ನೋಡುವವರ ಫೋನಿನ ಸ್ಕ್ರೀನ್ ಬೇರೆ, ಬ್ರೈಟ್‌ನೆಸ್ ಬೇರೆ. ರಾತ್ರಿ ಕಣ್ಣಿಗೆ ತೊಂದರೆಯಾಗದಿರಲಿ ಎಂದು ಹಾಕಿಕೊಂಡ ಹಳದಿ ಮೋಡ್ ಬೇರೆ. ಬೆಂಗಳೂರಿನಲ್ಲಿರುವ ಮಗನಿಗೆ ಫೋಟೊ ಕಳಿಸಿ ‘ಯಾವುದು ಚೆನ್ನಾಗಿದೆ ಹೇಳಪ್ಪ’ ಎಂದು ಕೇಳಿದರೆ, ಅವನು ನೋಡುವುದು ನಿಮ್ಮ ಗೋಡೆಯ ಬಣ್ಣವನ್ನಲ್ಲ.

2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೊ ಜಗತ್ತಿನಾದ್ಯಂತ ಹರಿದಾಡಿದ್ದು ಕೆಲವರಿಗೆ ನೆನಪಿರಬಹುದು. ಒಬ್ಬರಿಗೆ ಅದು ಬಿಳಿ ಮತ್ತು ಚಿನ್ನದ ಬಣ್ಣ, ಇನ್ನೊಬ್ಬರಿಗೆ ನೀಲಿ ಮತ್ತು ಕಪ್ಪು. ನಿಜವಾದ ಉಡುಪು ನೀಲಿ ಮತ್ತು ಕಪ್ಪೇ. ಫೋಟೊದಲ್ಲಿ ಯಾವ ಬೆಳಕು ಬಿದ್ದಿದೆ ಎಂದು ನೋಡುವವರ ಮಿದುಳು ಊಹಿಸಿದ್ದರ ಮೇಲೆ ಉತ್ತರ ಬದಲಾಗುತ್ತಿತ್ತು. ಒಂದೇ ಫೋಟೊ ನೋಡಿ ಬಿಳಿಯೋ ನೀಲಿಯೋ ಎಂದು ಒಪ್ಪದ ನಾವು, ಎರಡು ಬಿಳಿಗಳ ನಡುವೆ ಫೋಟೊ ನೋಡಿ ತೀರ್ಮಾನಿಸುವುದು ಹೇಗೆ?

ಪೇಂಟರ್ ಮೋಸ ಮಾಡಿದ್ದಾನೆಯೇ?

ಬಣ್ಣ ಹೊಡೆಯುತ್ತಿರುವಾಗ ಒಂದು ತರ, ಮಾರನೆಯ ದಿನ ಇನ್ನೊಂದು ತರ ಕಂಡರೆ ಗಾಬರಿ ಬೇಡ. ಎಮಲ್ಷನ್ ಬಣ್ಣದಲ್ಲಿರುವ ಅಂಟು ಒದ್ದೆಯಾಗಿದ್ದಾಗ ಹಾಲಿನಂತೆ ಬೆಳ್ಳಗಿರುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಆದ್ದರಿಂದ ಎಮಲ್ಷನ್ ಸಾಮಾನ್ಯವಾಗಿ ಒಣಗಿದ ಮೇಲೆ ತುಸು ಗಾಢವಾಗುತ್ತದೆ. ಸುಣ್ಣದ್ದು ಇದಕ್ಕೆ ಉಲ್ಟಾ. ಒದ್ದೆ ಸುಣ್ಣದಲ್ಲಿ ಬೆಳಕು ಒಳಗೆ ತೂರಿ ಹೋಗುವುದರಿಂದ ಗೋಡೆ ಮಂಕಾಗಿ ಕಾಣುತ್ತದೆ, ನೀರು ಆರಿದ ಮೇಲೆ ಬೆಳ್ಳಗಾಗುತ್ತದೆ. ಸುಣ್ಣ ನೋಡಿ ಅಭ್ಯಾಸವಿದ್ದ ಹಿರಿಯರು ‘ಒಣಗಿದ ಮೇಲೆ ತಿಳಿಯಾಗುತ್ತದೆ ಬಿಡು’ ಎಂದು ಎಮಲ್ಷನ್‌ಗೂ ಹೇಳುವುದುಂಟು. ಅದು ಇಲ್ಲಿ ನಡೆಯುವುದಿಲ್ಲ.

ನೀರಿನ ವಿಷಯ? ಎಮಲ್ಷನ್‌ಗೆ ನೀರು ಬೆರೆಸಲೇಬೇಕು. ಎಷ್ಟು ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ನೀರು ಜಾಸ್ತಿಯಾದರೆ ಬಣ್ಣ ತೆಳುವಾಗಿ ಕೆಳಗಿನ ಪುಟ್ಟಿಯೋ ಹಳೇ ಬಣ್ಣವೋ ಇಣುಕುತ್ತದೆ, ಪಟ್ಟೆ ಪಟ್ಟೆಯಾಗುತ್ತದೆ. ಗೋಡೆ ಸಮನಾಗಿ ಮುಚ್ಚಿದ್ದು, ಇಡೀ ಗೋಡೆ ಒಂದೇ ಹದದಲ್ಲಿ ಹಳದಿಯಾಗಿ ಕಾಣುತ್ತಿದ್ದರೆ, ಅದು ನೀರಿನ ದೋಷವಲ್ಲ. ಮೇಲೆ ಹೇಳಿದ ಒಳಛಾಯೆ ಮತ್ತು ಬೆಳಕಿನ ಕೆಲಸ. ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿದ ಶೇಡ್ ಕೋಡನ್ನು ಬಿಲ್ ಜೊತೆ ತಾಳೆ ನೋಡಿ. ತಾಳೆಯಾದರೆ ಪೇಂಟರ್ ಕೂಲಿ ಹಿಡಿಯಲು ಕಾರಣವಿಲ್ಲ.

ಒಂದು ನಿಜವಾದ ತೊಂದರೆ ಬೇರೆ ಇದೆ. ಬಣ್ಣ ಸಾಲದೆ ಮಧ್ಯದಲ್ಲಿ ಬೇರೆ ಕಂಪನಿಯ ಡಬ್ಬಿಯಲ್ಲಿ ‘ಅದೇ ಶೇಡ್’ ಮಾಡಿಸಿ ತಂದರೆ, ಹಗಲಿನಲ್ಲಿ ಎರಡೂ ಒಂದೇ ತರ ಇದ್ದು ರಾತ್ರಿ ಬಲ್ಬಿನಲ್ಲಿ ತೇಪೆ ಹಾಕಿದ ಹಾಗೆ ಕಾಣಬಹುದು. ಎರಡು ಕಂಪನಿಗಳು ಬೇರೆ ಬೇರೆ ಬಣ್ಣದ ಪುಡಿ ಸೇರಿಸಿ ಒಂದೇ ಛಾಯೆ ತಂದಿರುತ್ತವೆ. ಒಂದು ಬೆಳಕಿನಲ್ಲಿ ತಾಳೆಯಾಗುವ ಅವು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ. ಆದ್ದರಿಂದ ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ಕಂಪನಿಯದ್ದು, ಒಂದೇ ಸಲ ತನ್ನಿ. ಡಬ್ಬಿಗಳು ಎರಡಿದ್ದರೆ ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿ ಹೊಡೆಯಲು ಹೇಳಿ.

ತಿಳಿಬಣ್ಣದಿಂದ ಮನೆ ತಂಪಾಗುತ್ತದೆಯೇ?

ಬಿಸಿಲು ನೇರ ಬೀಳುವ ಕಡೆ, ಅಂದರೆ ಆರ್‌ಸಿಸಿ ತಾರಸಿಯ ಮೇಲೆ ಬಿಳಿ ಬಣ್ಣ ಹೊಡೆಸಿದರೆ ಹೌದು, ತಾರಸಿ ಕಡಿಮೆ ಕಾಯುತ್ತದೆ. ಹೊರಗೋಡೆಗೂ ಸ್ವಲ್ಪ ಮಟ್ಟಿಗೆ ಇದು ಸರಿ. ಒಳಗೋಡೆಯ ಐವರಿ ಮತ್ತು ಆಫ್‌ವೈಟ್ ನಡುವೆ ಸೆಕೆಯಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ. ತಾರಸಿಯಿಂದ ಇಳಿದ ಶಾಖಕ್ಕೆ ಒಳಗಿನ ಗೋಡೆಯ ಶೇಡ್ ಗೊತ್ತಾಗುವುದಿಲ್ಲ.

ಬೆಳಕಿನಲ್ಲಿ ಮಾತ್ರ ವ್ಯತ್ಯಾಸ ಇದೆ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಎನ್ನುವುದಕ್ಕೆ ಎಲ್‌ಆರ್‌ವಿ ಎಂಬ ಅಳತೆ ಇದೆ. 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಪೂರ್ತಿ ಬಿಳಿ. ಕೆಲವು ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಪ್ರತಿ ಶೇಡ್‌ಗೂ ಇದನ್ನು ಕೊಟ್ಟಿರುತ್ತವೆ. ಎರಡು ಶೇಡ್‌ಗಳ ಎಲ್‌ಆರ್‌ವಿಯಲ್ಲಿ ಎರಡು ಮೂರರ ವ್ಯತ್ಯಾಸವಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತರ ವ್ಯತ್ಯಾಸವಿದ್ದರೆ, ಕಿಟಕಿ ಚಿಕ್ಕದಿರುವ ಕೋಣೆಯಲ್ಲಿ ಹೆಚ್ಚಿನ ಸಂಖ್ಯೆಯದ್ದನ್ನು ಆರಿಸಿ.

ಹಾಗಾದರೆ ಹೋಲಿಸುವುದು ಹೇಗೆ?

1. ಎರಡೂ ಶೇಡ್ ಚೂರುಗಳನ್ನು ಹೊಸ ಬಿಳಿ ಎ4 ಹಾಳೆಯ ಮೇಲೆ ಇಡಿ. ಕಾರ್ಡಿನಲ್ಲಿ ಅಡಗಿದ್ದ ಹಳದಿ, ಗುಲಾಬಿ, ಹಸಿರು ತಕ್ಷಣ ಕಾಣುತ್ತದೆ.
2. ಸಣ್ಣ ಸ್ಯಾಂಪಲ್ ಡಬ್ಬಿ ಸಿಗುತ್ತದೆಯೇ ಕೇಳಿ. ಇಲ್ಲದಿದ್ದರೆ ಎರಡು ಶೇಡ್‌ನಲ್ಲೂ ಸಿಗುವ ಅತಿ ಚಿಕ್ಕ ಡಬ್ಬಿ ತನ್ನಿ. ಇಡೀ ಮನೆಯ ಖರ್ಚಿನ ಮುಂದೆ ಇದು ದೊಡ್ಡದಲ್ಲ.
3. ಗೋಡೆಗೆ ನೇರ ಹೊಡೆಯಬೇಡಿ. ಎರಡು ಅಡಿ ಅಗಲದ ಎರಡು ರಟ್ಟು ಅಥವಾ ಹಲಗೆಗೆ ಬಿಳಿ ಪ್ರೈಮರ್ ಹೊಡೆದು, ಅದರ ಮೇಲೆ ಎರಡು ಕೋಟ್ ಹೊಡೆಯಿರಿ. ಅಂಚಿನಲ್ಲಿ ಸುತ್ತಲೂ ಬಿಳಿ ಬಿಡಿ. ಒಂದು ದಿನ ಪೂರ್ತಿ ಒಣಗಲಿ.
4. ರಟ್ಟನ್ನು ಕಿಟಕಿಯ ಪಕ್ಕದ ಗೋಡೆಗೆ, ಎದುರಿನ ಗೋಡೆಗೆ, ಮೂಲೆಗೆ ಒರಗಿಸಿ ನಿಲ್ಲಿಸಿ. ನೆಲದ ಮೇಲೆ ಮಲಗಿಸಿ ನೋಡಬೇಡಿ, ಗೋಡೆಯ ಮೇಲೆ ಬೀಳುವ ಬೆಳಕೇ ಬೇರೆ.
5. ಬೆಳಿಗ್ಗೆ ಎಂಟು, ಮಧ್ಯಾಹ್ನ, ಸಂಜೆ ಐದು, ಮತ್ತು ರಾತ್ರಿ ಬಲ್ಬ್ ಹಾಕಿ ನೋಡಿ. ರಾತ್ರಿ ನೋಡುವಾಗ ಮುಂದೆ ಆ ಕೋಣೆಗೆ ಹಾಕುವ ಬಲ್ಬನ್ನೇ ಹಾಕಿ.
6. ಕೊನೆಯದಾಗಿ, ಒಂದೊಂದನ್ನೇ ಬೇರೆಯಾಗಿ ನೋಡಿ. ಪಕ್ಕಪಕ್ಕ ಇಟ್ಟಾಗ ಕಣ್ಣು ವ್ಯತ್ಯಾಸವನ್ನು ದೊಡ್ಡದು ಮಾಡುತ್ತದೆ. ಆದರೆ ನಿಮ್ಮ ಗೋಡೆಯ ಮೇಲೆ ಇರುವುದು ಒಂದೇ ಬಣ್ಣ. ಬೇರೆಯಾಗಿ ನೋಡಿದಾಗ ಯಾವುದು ಯಾವುದೆಂದು ಮನೆಯವರಿಗೆ ಹೇಳಲು ಆಗದಿದ್ದರೆ ಶೇಡ್ ಬಗ್ಗೆ ವಾದ ನಿಲ್ಲಿಸಿ. ಬೆಲೆ ಮತ್ತು ಒರೆಸಿದರೆ ಕೊಳೆ ಹೋಗುತ್ತದೆಯೇ ಎನ್ನುವುದನ್ನು ನೋಡಿ ತೀರ್ಮಾನಿಸಿ.

ನಮ್ಮ ಕಡೆಗೆ ಇನ್ನೊಂದು ಮಾತು. ಹೊಸದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಆ ಗಾಳಿ ಕೆಂಪು ದೂಳನ್ನೂ ಮನೆಯೊಳಗೆ ತರುತ್ತದೆ. ನೀಲಿ ಅಥವಾ ಬೂದು ಛಾಯೆಯ ಬಿಳಿಯ ಮೇಲೆ ಆ ದೂಳು ಬೇಗ ಎದ್ದು ಕಾಣುತ್ತದೆ, ಐವರಿಯ ಮೇಲೆ ಕಡಿಮೆ. ರಸ್ತೆ ಬದಿಯ ಮನೆಗೆ, ಮಕ್ಕಳಿರುವ ಮನೆಗೆ ಇದು ಸಣ್ಣ ವಿಷಯವಲ್ಲ.

ಶೇಡ್‌ಗಿಂತ ಮುಖ್ಯವಾದದ್ದು: ಹಳೇ ಬಣ್ಣ ಉಜ್ಜುವಾಗ

ಯಾವ ಶೇಡ್ ಎಂದು ವಾರಗಟ್ಟಲೆ ಚರ್ಚಿಸುವ ನಾವು, ಹಳೇ ಬಣ್ಣವನ್ನು ಕೆರೆದು ತೆಗೆಯುವ ದಿನ ಮಕ್ಕಳನ್ನು ಅಲ್ಲೇ ಆಡಲು ಬಿಡುತ್ತೇವೆ. ನಿಜವಾದ ಅಪಾಯ ಇಲ್ಲಿದೆ. ಹಿಂದಿನ ಆಯಿಲ್ ಪೇಂಟ್, ಎನಾಮಲ್‌ಗಳಲ್ಲಿ, ಅಂದರೆ ಬಾಗಿಲು, ಕಿಟಕಿ, ಗ್ರಿಲ್‌ಗೆ ಹೊಡೆದಿದ್ದ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಮುಂಚೆ ಹೊಡೆದ ಬಣ್ಣಕ್ಕೆ ಈ ಖಾತರಿ ಇಲ್ಲ.

ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಣಗಿದ ಹಳೇ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿದಾಗ ಏಳುವ ದೂಳು ನೆಲಕ್ಕೆ, ಆಟಿಕೆಗೆ, ಅಲ್ಲಿಂದ ಮಗುವಿನ ಬಾಯಿಗೆ ಹೋಗುತ್ತದೆ. ಹಳೇ ಬಾಗಿಲು ಕಿಟಕಿಗಳನ್ನು ನೀರು ಚಿಮುಕಿಸಿ ಒದ್ದೆಯಲ್ಲೇ ಉಜ್ಜಲು ಹೇಳಿ. ಮಕ್ಕಳು, ಗರ್ಭಿಣಿಯರು ಆ ಹೊತ್ತು ಅಲ್ಲಿರುವುದು ಬೇಡ. ಪೇಂಟರ್‌ಗೂ ಮಾಸ್ಕ್ ಕೊಡಿ, ಈ ದೂಳನ್ನು ದಿನವೂ ಕುಡಿಯುವವನು ಅವನೇ. ಕೆಲಸವಾದ ಮೇಲೆ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಫಾರ್ವರ್ಡ್ ಮಾಡುವುದಿದ್ದರೆ ಇಷ್ಟು ಮಾಡಿ

- ಹೆಸರು ಒಂದೇ ಇದ್ದರೂ ಬಣ್ಣ ಒಂದೇ ಅಲ್ಲ. ಕೋಡ್ ನಂಬರ್ ನೋಡಿ.
- ಫೋಟೊ ನೋಡಿ ಬಣ್ಣ ಆರಿಸಬೇಡಿ. ರಟ್ಟಿಗೆ ಹೊಡೆದು, ನಿಮ್ಮ ಕೋಣೆಯಲ್ಲೇ, ನಿಮ್ಮ ಬಲ್ಬಿನಲ್ಲೇ ನೋಡಿ.
- ಉತ್ತರ ದಕ್ಷಿಣದ ಸಲಹೆ ಲಂಡನ್‌ಗೆ ಸರಿ, ಹೊಸದುರ್ಗಕ್ಕೆ ಅಲ್ಲ. ಇಲ್ಲಿ ಸಂಜೆಯ ಪಶ್ಚಿಮದ ಬಿಸಿಲನ್ನು ಗಮನಿಸಿ.
- ಎಮಲ್ಷನ್ ಒಣಗಿದ ಮೇಲೆ ತುಸು ಗಾಢವಾಗುವುದು ಸಹಜ. ಪೇಂಟರ್‌ನನ್ನು ಬೈಯುವ ಮುಂಚೆ ಡಬ್ಬಿಯ ಕೋಡ್ ತಾಳೆ ನೋಡಿ.
- ಒಳಗೋಡೆಯ ಶೇಡ್‌ನಿಂದ ಸೆಕೆ ಕಡಿಮೆಯಾಗುವುದಿಲ್ಲ.
- ಹಳೇ ಆಯಿಲ್ ಪೇಂಟ್ ಉಜ್ಜುವಾಗ ಮಕ್ಕಳನ್ನು ದೂರ ಇಡಿ.

ಬಣ್ಣ ಹೊಡೆಸಲು ತಯಾರಾಗುತ್ತಿರುವ ಯಾರಾದರೂ ನಿಮ್ಮ ಗ್ರೂಪಿನಲ್ಲಿದ್ದರೆ, ಅವರು ಡಬ್ಬಿ ತರುವ ಮುಂಚೆಯೇ ಇದನ್ನು ಕಳಿಸಿ.